ಹತ್ತನೆಯ ದಿನದ ತೂಕ

ಪಥ್ಯ ಹಿಡಿದು, ವ್ಯಾಯಾಮ ಶುರುಮಾಡಿ, ಕೆಲವೇ ದಿನಗಳಲ್ಲಿ ತೂಕ ಇಳಿಯುವ ಬದಲು ಏರಿದ್ದನ್ನು ಕಂಡವರು ಕೈ ಎತ್ತಿ ಎಂದೆ. ಸಭೆಯ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿವೆ. ಇಳಿಸಿ. ಆ ಲೆಕ್ಕಕ್ಕೆ ನನ್ನದೂ ಒಂದು ಕೈ ಸೇರಿಸಿಕೊಳ್ಳಿ.

ವರ್ಷಗಟ್ಟಲೆ ರೋಗಿಗಳಿಗೆ ತೂಕ ಇಳಿಸಿ ಎಂದು ಹೇಳಿಕೊಂಡು ಬಂದ ವೈದ್ಯ ನಾನು. ಐವತ್ತು ದಾಟಿದ ಮೇಲೆ ನನ್ನ ಮಾತನ್ನು ನಾನೇ ಕೇಳೋಣ ಎನ್ನಿಸಿತು. ಊಟ ಮೂರನೆಯ ಒಂದು ಭಾಗದಷ್ಟು ಕಡಿಮೆ ಮಾಡಿದೆ. ಜಿಮ್ಮಿಗೆ ಸೇರಿದೆ, ಭಾರ ಎತ್ತಿದೆ, ಓಡಿದೆ. ಒಂಬತ್ತು ದಿನ ತೂಕ ನೋಡಲೇ ಇಲ್ಲ. ಹತ್ತನೆಯ ದಿನ ಬೆಳಗ್ಗೆ, ಬಹುಮಾನ ತೆಗೆದುಕೊಳ್ಳುವವನ ಹಾಗೆ ಹೋಗಿ ಯಂತ್ರದ ಮೇಲೆ ನಿಂತೆ. ಶುರುವಿಗಿಂತ 1.4 ಕಿಲೋ ಹೆಚ್ಚು. ಯಂತ್ರವನ್ನು ಬಚ್ಚಲಿನಿಂದ ಮಲಗುವ ಕೋಣೆಗೆ ಒಯ್ದೆ, ಅಲ್ಲಿಂದ ಅಡುಗೆಮನೆಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಮನೆಯ ನೆಲವೆಲ್ಲ ಅವತ್ತು ಡೊಂಕಾಗಿತ್ತು. ಕೊನೆಗೆ ಬ್ಯಾಟರಿ ಬದಲಿಸಿದೆ. 1.4 ಕಿಲೋ ಅಲ್ಲೇ ಇತ್ತು. ರಾತ್ರಿ ಊಟ ಬಿಟ್ಟು ಮಲಗಿದೆ.

ಮಾಡಬೇಕಿದ್ದ ಲೆಕ್ಕವನ್ನು ಮಾಡಿದ್ದು ಮರುದಿನ. ನಿಮ್ಮ ಮುಂದೆ ಇನ್ನೊಮ್ಮೆ ಮಾಡುತ್ತೇನೆ. ದೇಹದಲ್ಲಿ ಒಂದು ಕಿಲೋ ಬೊಜ್ಜು ಸೇರಬೇಕಾದರೆ, ಖರ್ಚಾಗುವುದಕ್ಕಿಂತ ಸುಮಾರು 7,700 ಕಿಲೋಕ್ಯಾಲೊರಿ ಹೆಚ್ಚು ಒಳಗೆ ಹೋಗಬೇಕು. 1.4 ಕಿಲೋಗೆ ಹತ್ತಿರ ಹತ್ತಿರ 10,800. ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ 1,080. ಅಂದರೆ ದಿನದ ಖರ್ಚಿನಷ್ಟು ತಿಂದು, ಅದರ ಮೇಲೆ ಇನ್ನೂ ಅರ್ಧ ದಿನದ ಊಟದಷ್ಟು, ಹತ್ತು ದಿನವೂ ತಪ್ಪದೆ ತಿನ್ನಬೇಕಿತ್ತು. ನಾನು ತಿಂದದ್ದು ಮೊದಲಿಗಿಂತ ಕಡಿಮೆ. ಲೆಕ್ಕದಲ್ಲಿ ಸಣ್ಣಪುಟ್ಟ ತಪ್ಪುಗಳಿರಬಹುದು, ಇಷ್ಟು ದೊಡ್ಡ ತಪ್ಪು ಇರಲಾರದು. ಹಾಗಾದರೆ ಏರಿದ್ದು ಬೊಜ್ಜಲ್ಲ. ಹಾಗೆಂದು ಆ 1.4 ಕಿಲೋ ಸುಳ್ಳೂ ಅಲ್ಲ. ಯಂತ್ರ ಸರಿಯಾಗಿಯೇ ತೂಗಿತ್ತು. ಏರಿದ್ದು ಏನು?

ಹೆಚ್ಚು ಕಡಿಮೆ ಎಲ್ಲವೂ ನೀರು. ಎಪ್ಪತ್ತು ಕಿಲೋ ತೂಗುವ ಒಬ್ಬರ ಮೈಯಲ್ಲಿ ಸುಮಾರು ನಲವತ್ತು ಲೀಟರ್ ನೀರಿರುತ್ತದೆ. ನಲವತ್ತರಲ್ಲಿ ಒಂದೋ ಒಂದೂವರೆಯೋ ಅತ್ತಿತ್ತ ಆಗಲು ದೊಡ್ಡ ಕಾರಣ ಬೇಕಿಲ್ಲ. ವ್ಯಾಯಾಮ ಮತ್ತು ಪಥ್ಯ ಎರಡನ್ನೂ ಒಂದೇ ದಿನ ಹಿಡಿದವರಿಗಂತೂ ಹಲವು ಕಾರಣಗಳು ಒಟ್ಟಿಗೆ ಬಂದು ಕೂರುತ್ತವೆ.

ಮೊದಲನೆಯದು ಸ್ನಾಯುವಿನ ಗಾಯ. ಗಾಯ ಎಂದರೆ ಹೆದರಬೇಡಿ. ರೂಢಿಯಿಲ್ಲದ ಭಾರವನ್ನು ಎತ್ತಿದಾಗ, ಅದಕ್ಕಿಂತ ಹೆಚ್ಚಾಗಿ ಎತ್ತಿದ್ದನ್ನು ನಿಧಾನವಾಗಿ ಇಳಿಸುವಾಗ, ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳಾಗುತ್ತವೆ. ಬೆಟ್ಟ ಹತ್ತಿದವರಿಗೆ ತೊಡೆ ನೋಯುವುದು ಹತ್ತಿದ್ದಕ್ಕಿಂತ ಇಳಿದದ್ದಕ್ಕೆ. ಅಲ್ಲಿ ರಿಪೇರಿಗೆಂದು ರಕ್ತದ ಕಣಗಳು ಬರುತ್ತವೆ, ಅವುಗಳ ಜೊತೆ ದ್ರವವೂ ಬಂದು ನಿಲ್ಲುತ್ತದೆ. ನೋವು ಒಂದರಿಂದ ಮೂರು ದಿನಗಳ ನಡುವೆ ಜೋರಾಗಿರುತ್ತದೆ. ಆ ದಿನಗಳಲ್ಲಿ ನಿಮ್ಮ ತೊಡೆಗಳು ನೋಯುತ್ತಿವೆ ಎಂದರೆ ಅವು ಸ್ವಲ್ಪ ಊದಿಕೊಂಡೂ ಇವೆ. ಮೆಟ್ಟಿಲಿಳಿಯಲು ಕಂಬಿ ಹಿಡಿಯಬೇಕಾದ ದಿನ ತೂಕ ನೋಡಬೇಡಿ ಎಂದು ನನ್ನ ರೋಗಿಗಳಿಗೆ ಹೇಳುತ್ತೇನೆ.

ಎರಡನೆಯದು ಗ್ಲೈಕೋಜನ್. ಸಕ್ಕರೆಯ ಕಣಗಳನ್ನು ಸರ ಮಾಡಿ ದೇಹ ಕೂಡಿಡುವ ರೂಪ ಇದು. ಯಕೃತ್ತಿನಲ್ಲಿ ಸುಮಾರು ನೂರು ಗ್ರಾಂ, ಸ್ನಾಯುಗಳಲ್ಲೆಲ್ಲ ಸೇರಿ ನಾನೂರು ಗ್ರಾಂ ಆಸುಪಾಸು. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಒಟ್ಟು ಗೂಡಿಸಿದರೆ ಎರಡು ಕಿಲೋ. ಇದು ಎರಡೂ ದಿಕ್ಕಿಗೆ ಮೋಸ ಮಾಡುತ್ತದೆ, ಗಮನಿಸಿ. ಪಿಷ್ಟವನ್ನೂ ಸಕ್ಕರೆಯನ್ನೂ ಒಮ್ಮೆಲೇ ಬಿಟ್ಟವರು ಮೊದಲ ವಾರದಲ್ಲಿ ಎರಡು ಕಿಲೋ ಕಳೆದುಕೊಂಡು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಹೋದದ್ದು ಹೆಚ್ಚಾಗಿ ಈ ಗ್ಲೈಕೋಜನ್ ಮತ್ತು ಅದರ ನೀರು. ಒಂದು ದಿನ ಎಂದಿನಂತೆ ಊಟ ಮಾಡಿದರೆ ಅದು ಮರಳಿ ಬರುತ್ತದೆ, ಆಗ ಒಂದು ಊಟಕ್ಕೆ ಎರಡು ಕಿಲೋ ಏರಿದೆ ಎಂದು ಗಾಬರಿ. ಅತ್ತ, ಊಟದಲ್ಲಿ ಪಿಷ್ಟ ಬಿಡದೆ ಹೊಸದಾಗಿ ವ್ಯಾಯಾಮಕ್ಕೆ ಇಳಿದವರ ಸ್ನಾಯುಗಳು ನಾಳೆಯ ಕೆಲಸಕ್ಕೆಂದು ಮೊದಲಿಗಿಂತ ಹೆಚ್ಚು ಗ್ಲೈಕೋಜನ್ ಕೂಡಿಡಲು ಕಲಿಯುತ್ತವೆ. ಅದೂ ನೀರಿನ ಜೊತೆಗೇ.

ಮೂರನೆಯದು ರಕ್ತ. ಓಟ, ಸೈಕಲ್, ಈಜು ಶುರುಮಾಡಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ಶೇಕಡಾ ಹತ್ತು ಅಥವಾ ಇನ್ನೂ ಹೆಚ್ಚು ಏರಬಹುದು. ಇದು ಕಾಲು ಲೀಟರಿನಿಂದ ಅರ್ಧ ಲೀಟರಿನ ಮಾತು. ಬೆವರಲು ನೀರು ಬೇಕು, ಹೃದಯಕ್ಕೆ ಒಂದೊಂದು ಬಡಿತದಲ್ಲಿ ಹೆಚ್ಚು ರಕ್ತ ತಳ್ಳಲು ಬೇಕು. ತೂಕದ ಯಂತ್ರದ ಮೇಲೆ ಇದು ನಷ್ಟದ ಹಾಗೆ ಕಂಡರೂ ಇಡೀ ಪಟ್ಟಿಯಲ್ಲಿ ನನಗೆ ತೀರಾ ಸಂತೋಷ ಕೊಡುವ ಏರಿಕೆ ಇದೇ.

ಉಪ್ಪಿನ ವಿಷಯ ನಿಮಗೆ ಗೊತ್ತಿದೆ, ಆದರೆ ಪ್ರಮಾಣ ಗೊತ್ತಿರಲಿಕ್ಕಿಲ್ಲ. ಆಸ್ಪತ್ರೆಯಲ್ಲಿ ರೋಗಿಗೆ ಹಾಕುವ ಸಲೈನ್ ಬಾಟಲಿಯಲ್ಲಿ ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪಿರುತ್ತದೆ. ದೇಹದ ದ್ರವದ ಹದವೂ ಅದೇ ಆಸುಪಾಸು. ಹೀಗಾಗಿ ಹೆಚ್ಚಿಗೆ ತಿಂದ ಒಂಬತ್ತು ಗ್ರಾಂ ಉಪ್ಪು ಒಳಗೆ ಉಳಿದಿರುವಷ್ಟು ಹೊತ್ತು ಹದ ಕೆಡದಿರಲು ಒಂದು ಲೀಟರ್ ನೀರೂ ಉಳಿಯಬೇಕು. ಬಾಯಾರಿಕೆ ಆ ನೀರನ್ನು ತರಿಸುತ್ತದೆ. ಮೂತ್ರಪಿಂಡಗಳು ಒಂದೆರಡು ದಿನ ತೆಗೆದುಕೊಂಡು ಉಪ್ಪನ್ನೂ ನೀರನ್ನೂ ಹೊರಹಾಕುತ್ತವೆ. ಪಥ್ಯದವರು ಎಣ್ಣೆ ಬಿಟ್ಟು ಪ್ಯಾಕೆಟ್ ಸೂಪಿಗೆ ಹೋಗುತ್ತಾರಲ್ಲ, ಕ್ಯಾಲೊರಿ ಕಡಿಮೆಯೇ, ಉಪ್ಪು ಮಾತ್ರ ಧಾರಾಳ.

ಹೊಟ್ಟೆಯಲ್ಲಿರುವುದಕ್ಕೂ ತೂಕವಿದೆ ಎಂಬುದನ್ನು ಜನ ಮರೆಯುತ್ತಾರೆ. ತರಕಾರಿ ಹೆಚ್ಚು ತಿಂದವರ ಕರುಳಿನಲ್ಲಿ ನಾರು ಮತ್ತು ಅದು ಹೀರಿದ ನೀರು ಒಂದರಿಂದ ಮೂರು ದಿನ ಪ್ರಯಾಣದಲ್ಲಿರುತ್ತವೆ. ಇನ್ನು ಮುಟ್ಟಾಗುವ ಹೆಂಗಸರಿಗೆ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಅರ್ಧ ಕಿಲೋದಿಂದ ಒಂದೆರಡು ಕಿಲೋವರೆಗೆ ನೀರು ಮೈಯಲ್ಲಿ ನಿಂತು, ಆಮೇಲೆ ಇಳಿದುಹೋಗುವುದು ಸಾಮಾನ್ಯ. ಅವರು ಈ ವಾರದ ತೂಕವನ್ನು ಕಳೆದ ವಾರದ ಜೊತೆ ಹೋಲಿಸಿದರೆ ಪ್ರಯೋಜನವಿಲ್ಲ, ಕಳೆದ ತಿಂಗಳ ಇದೇ ವಾರದ ಜೊತೆ ಹೋಲಿಸಬೇಕು. ಗಂಡನೂ ಹೆಂಡತಿಯೂ ಒಟ್ಟಿಗೆ ಪಥ್ಯ ಹಿಡಿದ ಮನೆಗಳಲ್ಲಿ ಅವನ ತೂಕ ನೇರ ಇಳಿಯುತ್ತದೆ, ಅವಳದು ಗರಗಸದ ಹಲ್ಲಿನ ಹಾಗೆ ಹೋಗುತ್ತದೆ. ಇದರಿಂದ ಎದ್ದ ಜಗಳಗಳನ್ನು ನಾನು ಮೇಜಿನ ಈಚೆ ಕುಳಿತು ಕೇಳಿದ್ದೇನೆ.

ಈಗ ಬೊಜ್ಜಿನ ಕಡೆಯ ಲೆಕ್ಕ ನೋಡಿ. ದಿನಕ್ಕೆ 500 ಕಿಲೋಕ್ಯಾಲೊರಿ ಕೊರತೆ ಮಾಡಿಕೊಂಡರೆ, ಅದು ಸಣ್ಣ ಸಾಧನೆಯಲ್ಲ, ಕರಗುವ ಬೊಜ್ಜು ದಿನಕ್ಕೆ 65 ಗ್ರಾಂ. ಒಂದು ಕೋಳಿಮೊಟ್ಟೆಯ ತೂಕ. ದಿನಕ್ಕೊಂದು ಮೊಟ್ಟೆ ಮನೆಯಿಂದ ಹೊರಗೆ ಹೋಗುತ್ತಿದೆ, ಅದೇ ಬಾಗಿಲಿನಲ್ಲಿ ಕೊಡಗಟ್ಟಲೆ ನೀರು ಒಳಗೂ ಹೊರಗೂ ಓಡಾಡುತ್ತಿದೆ. ಬಾಗಿಲಲ್ಲಿ ಕುಳಿತು ಮೊಟ್ಟೆ ಎಣಿಸುತ್ತೇನೆ ಎಂದು ಹತ್ತನೆಯ ದಿನ ನಾನು ಹೋಗಿ ನಿಂತದ್ದು. ಹತ್ತು ಮೊಟ್ಟೆ, 650 ಗ್ರಾಂ, ಹೋಗಿದ್ದವೇನೋ. ಎರಡು ಕಿಲೋ ನೀರು ಒಳಗೆ ಬಂದಿತ್ತು.

ಸ್ವಲ್ಪ ದಾರಿ ತಪ್ಪುತ್ತೇನೆ. ತೂಕ ನೋಡಿಕೊಳ್ಳುವ ಹುಚ್ಚು ನಮ್ಮ ಕಾಲದ್ದು ಎಂದುಕೊಂಡವರು ಸಾಂಟೋರಿಯೊ ಎಂಬ ಇಟಲಿಯ ವೈದ್ಯನನ್ನು ನೆನೆಯಬೇಕು. ಪಡುವಾದಲ್ಲಿ ಪಾಠ ಹೇಳುತ್ತಿದ್ದವನು. ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ ಅದರಲ್ಲಿ ಕುಳಿತು, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ತೂಗಿದ. ಸುಮಾರು ಮೂವತ್ತು ವರ್ಷ ಹೀಗೆ ಮಾಡಿದನಂತೆ. 1614ರಲ್ಲಿ ಅವನ ಪುಸ್ತಕ ಹೊರಬಂತು. ಅವನಿಗೆ ಕಂಡದ್ದು ಇಷ್ಟು: ಒಳಗೆ ಹೋದ ತೂಕದಲ್ಲಿ ಬಹುಭಾಗ ಮಲದಲ್ಲೂ ಇಲ್ಲ, ಮೂತ್ರದಲ್ಲೂ ಇಲ್ಲ, ಎಲ್ಲೋ ಕಾಣದ ಹಾಗೆ ಹೋಗುತ್ತಿದೆ. ಚರ್ಮದಿಂದಲೂ ಉಸಿರಿನಿಂದಲೂ ಹೋಗುತ್ತಿದೆ ಎಂದು ಅವನು ತೀರ್ಮಾನಿಸಿದ. ನಾಲ್ಕು ಶತಮಾನಗಳ ನಂತರ, 2014ರಲ್ಲಿ, ಇಬ್ಬರು ಆಸ್ಟ್ರೇಲಿಯನ್ನರು ಬೊಜ್ಜಿನ ಪರಮಾಣುಗಳನ್ನೇ ಲೆಕ್ಕ ಹಾಕಿ ತೋರಿಸಿದರು: ಹತ್ತು ಕಿಲೋ ಬೊಜ್ಜು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಬೆವರಿನಲ್ಲಿ ಬೊಜ್ಜು ಹರಿದುಹೋಗುತ್ತದೆ ಎಂದು ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವವರಿಗೆ ಇದನ್ನು ಹೇಳಿ. ಅವರು ಕಳೆದುಕೊಂಡದ್ದು ಮನೆಗೆ ಹೋಗಿ ಒಂದು ಚೊಂಬು ನೀರು ಕುಡಿಯುವವರೆಗೆ ಮಾತ್ರ.

ಮತ್ತೆ ವಿಷಯಕ್ಕೆ. ತೂಕ ಏರಿದಾಗ ಗೆಳೆಯರು ಹೇಳುವ ಸಮಾಧಾನವೊಂದಿದೆ: “ಬೊಜ್ಜು ಹೋಗಿ ಸ್ನಾಯು ಬಂದಿದೆ, ಸ್ನಾಯು ಭಾರ.” ಒಂದೇ ಗಾತ್ರಕ್ಕೆ ಸ್ನಾಯು ಹೆಚ್ಚು ತೂಗುತ್ತದೆ, ನಿಜ, ಲೀಟರಿಗೆ 1.06 ಕಿಲೋ, ಬೊಜ್ಜು 0.9. ಆದರೆ ಸ್ನಾಯು ಬೆಳೆಯುವುದು ತೆಂಗು ಬೆಳೆದ ಹಾಗೆ, ಹುಲ್ಲು ಬೆಳೆದ ಹಾಗಲ್ಲ. ಹೊಸಬರಿಗೆ, ಹೊಟ್ಟೆತುಂಬ ತಿಂದು ಸರಿಯಾಗಿ ಭಾರ ಎತ್ತಿದರೂ, ತಿಂಗಳಿಗೆ ಒಂದು ಕಿಲೋ ಬಂದರೆ ಅದೃಷ್ಟ. ಅರೆಹೊಟ್ಟೆ ಉಂಡುಕೊಂಡು ಹತ್ತು ದಿನದಲ್ಲಿ 1.4 ಕಿಲೋ ಸ್ನಾಯು ಬೆಳೆಸಿದವರು ಯಾರೂ ಇಲ್ಲ. ಪಾದದಿಂದ ಸಣ್ಣ ವಿದ್ಯುತ್ ಹರಿಸಿ ಬೊಜ್ಜಿನ ಶೇಕಡಾವಾರು ತೋರಿಸುವ ಯಂತ್ರಗಳನ್ನು ನಂಬಿ ಈ ಮಾತು ಹೇಳುವವರೂ ಇದ್ದಾರೆ. ಆ ಯಂತ್ರ ಊಹಿಸುವುದು ಮೈಯ ನೀರನ್ನು. ಬೊಜ್ಜಿನ ಅಂಕಿಯನ್ನು ಅದರಿಂದ ಸೂತ್ರ ಹಾಕಿ ತೆಗೆಯುತ್ತದೆ. ನೀರೇ ಅತ್ತಿತ್ತ ಆಗುತ್ತಿರುವ ವಾರದಲ್ಲಿ ಅದರ ಮಾತಿಗೆ ಎಷ್ಟು ಬೆಲೆ ಎಂದು ನೀವೇ ಹೇಳಿ.

ಹತ್ತನೆಯ ದಿನ ತೂಕ ನೋಡಿ ಹೆದರಿದವರು ಮಾಡುವ ಕೆಲಸವೇ ನನಗೆ ಹೆಚ್ಚು ಚಿಂತೆ. ಊಟ ಇನ್ನೂ ಇಳಿಸುತ್ತಾರೆ, ವ್ಯಾಯಾಮ ಇನ್ನೂ ಏರಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನೀರು ಏರಿದ್ದಕ್ಕೆ ಹೊಟ್ಟೆಗೆ ಶಿಕ್ಷೆ. ಹೆಚ್ಚು ವ್ಯಾಯಾಮದಿಂದ ಹೆಚ್ಚು ಊತ, ಹಸಿವಿನಿಂದಲೂ ನಿದ್ದೆಗೇಡಿನಿಂದಲೂ ಒತ್ತಡ. ಹಸಿವಿಗೂ ನೀರಿಗೂ ಇರುವ ನಂಟು ಹಳೆಯದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ಗಮನಿಸಿದ. ಅವರೆಲ್ಲ ಯುದ್ಧದಲ್ಲಿ ಬಂದೂಕು ಹಿಡಿಯಲೊಪ್ಪದೆ ಈ ಪ್ರಯೋಗಕ್ಕೆ ತಾವಾಗಿಯೇ ಬಂದವರು. ಮೈತೂಕದಲ್ಲಿ ಸುಮಾರು ಕಾಲುಭಾಗ ಕಳೆದುಕೊಂಡರು. ಎಲುಬು ಎಣಿಸುವಂತಿದ್ದ ಅದೇ ಮೈಗಳ ಪಾದದ ಕೀಲುಗಳಲ್ಲಿ ನೀರು ತುಂಬಿ ಊದಿತ್ತು. ಬೊಜ್ಜೂ ಸ್ನಾಯುವೂ ಕರಗಿದ ಜಾಗದಲ್ಲಿ ನೀರು ನಿಂತು ಯಂತ್ರದ ಅಂಕಿಯನ್ನು ಎತ್ತಿ ಹಿಡಿದಿತ್ತು. ನಿಮ್ಮ ಎರಡು ವಾರದ ಪಥ್ಯ ಆ ಉಪವಾಸದ ಹತ್ತಿರಕ್ಕೂ ಬರುವುದಿಲ್ಲ. ಆದರೂ ಅಂಕಿ ಇಳಿಯಲಿಲ್ಲವೆಂದು ಊಟ ಬಿಡಲು ಹೊರಟಾಗ ಆ ಊದಿದ ಕಾಲುಗಳು ನೆನಪಿಗೆ ಬರಲಿ.

ಇಷ್ಟು ಕೇಳಿ ನಿಮ್ಮ ಮುಖಗಳಲ್ಲಿ ಒಂದು ನೆಮ್ಮದಿ ಕಾಣುತ್ತಿದೆ. ಅದನ್ನು ಸ್ವಲ್ಪ ಕಸಿದುಕೊಳ್ಳುತ್ತೇನೆ, ಬೇಸರಿಸಬೇಡಿ. ಮೇಲೆ ಹೇಳಿದ ನೀರಿನ ಕಥೆಗೆ ವಾಯಿದೆ ಇದೆ. ನಾಲ್ಕರಿಂದ ಆರು ವಾರ. ಅಷ್ಟರೊಳಗೆ ಸ್ನಾಯುಗಳು ರೂಢಿಗೆ ಬರುತ್ತವೆ, ಒಂದು ಮುಟ್ಟಿನ ಚಕ್ರ ಮುಗಿಯುತ್ತದೆ, ಮೊಟ್ಟೆಗಳೂ ಮೂವತ್ತು ನಲವತ್ತು ಆಗಿರುತ್ತವೆ, ಅವು ಕಾಣಲೇಬೇಕು. ಆರು ವಾರದ ನಂತರವೂ ಸರಾಸರಿ ಇಳಿಯದಿದ್ದರೆ ನೀರಿನ ಹಿಂದೆ ಅಡಗಿಕೊಳ್ಳುವಂತಿಲ್ಲ.

1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಹತ್ತು ಜನರನ್ನು ಪರೀಕ್ಷಿಸಿದರು. ದಿನಕ್ಕೆ 1,200 ಕಿಲೋಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎಂದು ಹೇಳಿಕೊಂಡು ಬಂದವರು ಅವರು. ಅಳೆದ ವಿಧಾನ ಸೊಗಸಾಗಿದೆ, ಹೇಳದೆ ಮುಂದೆ ಹೋಗಲಾರೆ. ಸಾಮಾನ್ಯಕ್ಕಿಂತ ಭಾರವಾದ ಜಲಜನಕವೂ ಆಮ್ಲಜನಕವೂ ಇರುವ ನೀರನ್ನು ಕುಡಿಸುತ್ತಾರೆ. ಆ ಜಲಜನಕ ಮೈಯಿಂದ ನೀರಾಗಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಕೆಲವು ದಿನ ಮೂತ್ರ ಪರೀಕ್ಷಿಸಿ ಎರಡರ ವೇಗದ ವ್ಯತ್ಯಾಸ ತೆಗೆದರೆ, ಆ ಮನುಷ್ಯ ಎಷ್ಟು ಇಂಧನ ಉರಿಸಿದ ಎಂಬುದು ಸಿಗುತ್ತದೆ. ಯಾರ ಮಾತನ್ನೂ ನಂಬಬೇಕಿಲ್ಲ. ಆ ಹತ್ತು ಜನರ ಮೈಯ ಖರ್ಚು ಎಲ್ಲರಂತೆಯೇ ಇತ್ತು. ತಿಂದದ್ದನ್ನು ಅವರು ಸರಾಸರಿ ಶೇಕಡಾ 47ರಷ್ಟು ಕಡಿಮೆ ಬರೆದಿದ್ದರು, ದೈಹಿಕ ಚಟುವಟಿಕೆಯನ್ನು ಶೇಕಡಾ 51ರಷ್ಟು ಹೆಚ್ಚು ಬರೆದಿದ್ದರು.

ಅವರನ್ನು ಸುಳ್ಳುಗಾರರು ಎನ್ನಬೇಡಿ. ನನ್ನ ಬಳಿ ಒಬ್ಬ ತಾಯಿ ಬರುತ್ತಿದ್ದರು. ಊಟದ ಪುಸ್ತಕವನ್ನು ಗ್ರಾಂ ಸಮೇತ, ಶಾಲಾ ಹುಡುಗಿಯ ಅಕ್ಷರದಲ್ಲಿ ಬರೆದು ತರುತ್ತಿದ್ದರು. ಎರಡು ತಿಂಗಳು ಲೆಕ್ಕ ಸರಿ, ತೂಕ ಸರಿಯಿಲ್ಲ. ಒಂದು ದಿನ ಮಾತಿನ ನಡುವೆ, ಮಕ್ಕಳಿಬ್ಬರೂ ತಟ್ಟೆಯಲ್ಲಿ ಬಿಟ್ಟದ್ದನ್ನು ಏನು ಮಾಡುತ್ತೀರಿ ಅಮ್ಮಾ ಎಂದು ಕೇಳಿದೆ. “ಅದು ಊಟವಲ್ಲವಲ್ಲ ಡಾಕ್ಟರೇ, ಚೆಲ್ಲಬಾರದೆಂದು ಬಾಯಿಗೆ ಹಾಕಿಕೊಳ್ಳುತ್ತೇನೆ” ಎಂದರು. ಹೇಳಿದ ಕ್ಷಣವೇ ಅವರಿಗೂ ಗೊತ್ತಾಯಿತು. ಇಬ್ಬರೂ ನಕ್ಕೆವು. ಎಣ್ಣೆಯದೂ ಇದೇ ಕಥೆ. ಒಂದು ದೊಡ್ಡ ಚಮಚದಲ್ಲಿ ಸುಮಾರು 14 ಗ್ರಾಂ ಎಣ್ಣೆ, 120 ಕಿಲೋಕ್ಯಾಲೊರಿ. ಅದು ಕಣ್ಣಳತೆಯಲ್ಲಿ ಬಾಣಲೆಗೆ ಬೀಳುತ್ತದೆ, ಪುಸ್ತಕಕ್ಕೆ ಬೀಳುವುದಿಲ್ಲ.

ಖರ್ಚಿನ ಕಡೆ ಹೇಳುವುದಾದರೆ, ಎಪ್ಪತ್ತು ಕಿಲೋದವರು ಐದು ಕಿಲೋಮೀಟರ್ ಓಡಿದರೆ ಸುಮಾರು 350 ಕಿಲೋಕ್ಯಾಲೊರಿ ಉರಿಯುತ್ತದೆ. ಓಡಲು ಅರ್ಧ ಗಂಟೆಗಿಂತ ಹೆಚ್ಚು ಬೇಕು, ತಿಂದು ತೀರಿಸಲು ಐದು ನಿಮಿಷ ಸಾಕು. ಕೈಗಡಿಯಾರ ಹೇಳುವ ಅಂಕಿಯನ್ನು ನಂಬಿ ತಿನ್ನಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಬಗೆಯ ಇಂಥ ಕೈಪಟ್ಟಿಗಳನ್ನು ಪರೀಕ್ಷಿಸಿದಾಗ, ಕ್ಯಾಲೊರಿ ಎಣಿಕೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ಕೊನೆಯದು ಶೇಕಡಾ 93. ಇನ್ನೊಂದು ಮಾತು: ಬೆಳಗ್ಗೆ ಓಡಿದ್ದೇನಲ್ಲ ಎಂದು ದಿನವಿಡೀ ಕುರ್ಚಿ ಬಿಡದವರಲ್ಲಿ ನಾನೂ ಒಬ್ಬನಾಗಿದ್ದೆ. ಲಿಫ್ಟಿನಲ್ಲಿ ಜಿಮ್ಮಿಗೆ ಹೋಗುತ್ತಿದ್ದೆ.

ಇನ್ನು ಕಾಯಿಲೆಯ ಮಾತು. ಕೆಲವು ಔಷಧಗಳು ತೂಕ ಏರಿಸುತ್ತವೆ: ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡುಗಳು, ಇನ್ಸುಲಿನ್, ಪಯೋಗ್ಲಿಟಜೋನ್, ಒಲಾನ್ಜಪಿನ್, ವಾಲ್ಪ್ರೊಯೇಟ್, ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್. ಹೆಸರು ಕೇಳಿ ಮನೆಗೆ ಹೋಗಿ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರನ್ನು ಕೇಳಿ, ಬದಲಿ ಇರಬಹುದು. ಥೈರಾಯ್ಡ್ ಮೇಲೆ ಎಲ್ಲರಿಗೂ ಅನುಮಾನ. ಅದು ಮಂದವಾದರೆ ತೂಕ ಏರುವುದು ನಿಜ, ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಇಪ್ಪತ್ತು ಕಿಲೋವನ್ನು ಅದರ ತಲೆಗೆ ಕಟ್ಟಲಾಗುವುದಿಲ್ಲ. ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟಿನ ಕ್ರಮ ತಪ್ಪುವ ತೊಂದರೆ, ಇರುವ ಹೆಣ್ಣುಮಕ್ಕಳಿಗೆ ಇಳಿಸುವುದು ಕಷ್ಟ, ಅಸಾಧ್ಯವಲ್ಲ. ಮುಟ್ಟು ತಪ್ಪಿದ್ದರೆ ಮೊದಲು ಗರ್ಭದ ಪರೀಕ್ಷೆ ಮಾಡಿಸಿ.

ನಿಜವಾಗಿ ಹೆದರಬೇಕಾದದ್ದು ಬೇರೆ. ಒಬ್ಬ ಯುವಕ ಹೊಸದಾಗಿ ಜಿಮ್ಮಿಗೆ ಸೇರಿದ್ದ, ಮೂರು ವಾರದಲ್ಲಿ ಐದು ಕಿಲೋ ಏರಿದ. ಮೊದಮೊದಲು ಹೀಗೆಯೇ, ನೀರು ನಿಲ್ಲುತ್ತದೆ ಎಂದು ಸುತ್ತಲಿನವರು ಹೇಳಿದರು. ನಾನು ಇಲ್ಲಿ ಹೇಳಿದ್ದನ್ನೇ. ಬೆಳಗ್ಗೆ ಅವನ ಕಣ್ಣಿನ ಸುತ್ತ ಊದಿರುತ್ತಿತ್ತು, ಮೂತ್ರದಲ್ಲಿ ನೊರೆ ನಿಲ್ಲುತ್ತಿತ್ತು. ಮೂತ್ರಪಿಂಡದಿಂದ ಪ್ರೋಟೀನ್ ಸೋರಿಹೋಗುತ್ತಿತ್ತು. ಏರಿದ್ದು ನೀರೇ, ಕಾರಣ ಬೇರೆ. ಆದ್ದರಿಂದ ಇದನ್ನು ಬರೆದುಕೊಳ್ಳಿ: ಮೊಣಕಾಲಿನ ಕೆಳಗೆ ಮುಂಗಾಲ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒಂದಷ್ಟು ಹೊತ್ತು ಒತ್ತಿ ಬಿಡಿ. ಗುಳಿ ಉಳಿದರೆ ವೈದ್ಯರ ಬಳಿ ಹೋಗಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿ, ಮೆಟ್ಟಿಲು ಹತ್ತುವಾಗಲೋ ಅಂಗಾತ ಮಲಗಿದಾಗಲೋ ಏದುಸಿರು ಬಂದರೆ ಅವತ್ತೇ ಹೋಗಿ, ಹೃದಯ ಸೋಲುತ್ತಿರಬಹುದು. ಕೈಕಾಲು ಬಡವಾಗಿ ಹೊಟ್ಟೆ ಮಾತ್ರ ಬೆಳೆಯುತ್ತಿದ್ದರೂ ತಡಮಾಡಬೇಡಿ. ನೀರು ಇಳಿಸುವ ಮಾತ್ರೆಯನ್ನು ತಾವಾಗಿಯೇ ತಂದು ನುಂಗುವ ಬುದ್ಧಿವಂತಿಕೆ ಬೇಡ. ಅದರಿಂದ ರಕ್ತದ ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪುತ್ತದೆ.

ಮುಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ: ಹಾಗಾದರೆ ತೂಕ ನೋಡುವುದು ಹೇಗೆ? ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಕುಡಿಯುವ ಮೊದಲು. ಗಟ್ಟಿ ನೆಲ, ಒಂದೇ ಜಾಗ. ದಿನವೂ ನೋಡಿ, ಬರೆದಿಡಿ, ಅಷ್ಟೇ. ಆ ಅಂಕಿಯ ಮೇಲೆ ಏನೂ ತೀರ್ಮಾನ ಬೇಡ. ಏಳು ದಿನದ ಸರಾಸರಿ ತೆಗೆದು ಸರಾಸರಿಗಳನ್ನು ಮಾತ್ರ ಹೋಲಿಸಿ. ಎರಡು ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟ ಅಳೆಯಿರಿ, ಉಸಿರು ಬಿಟ್ಟು, ಒಳಗೆಳೆಯದೆ. ದಿನವೂ ಅಂಕಿ ಕಂಡರೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ ಎನ್ನುವವರು ಯಂತ್ರ ಎತ್ತಿಟ್ಟು ಟೇಪನ್ನಷ್ಟೇ ಇಟ್ಟುಕೊಳ್ಳಬಹುದು. ಆಗ ಸ್ವಲ್ಪ ನಿಧಾನವಾಗಿ ಗೊತ್ತಾಗುತ್ತದೆ, ಅಷ್ಟೇ.

ನನ್ನ 1.4 ಕಿಲೋ ಏನಾಯಿತು ಎಂದು ಹಿಂದಿನಿಂದ ಯಾರೋ ಕೇಳುತ್ತಿದ್ದಾರೆ. ಮೂರನೆಯ ವಾರ ಮೈನೋವು ಹೋಯಿತು. ಒಂದು ರಾತ್ರಿ ಮೂರು ಸಲ ಬಚ್ಚಲಿಗೆ ಎದ್ದೆ, ಬೆಳಗ್ಗೆ ನೋಡಿದರೆ ಹಿಂದಿನ ದಿನಕ್ಕಿಂತ 900 ಗ್ರಾಂ ಕಡಿಮೆ. ಆ ವಾರದ ಕೊನೆಗೆ ಶುರುವಿನ ತೂಕಕ್ಕಿಂತ ಕೆಳಗೆ ಬಂದಿದ್ದೆ. ನಾನು ತೆಗೆದುಹಾಕಿದ ಹಳೆಯ ಬ್ಯಾಟರಿಯಲ್ಲಿ ಯಾವ ದೋಷವೂ ಇರಲಿಲ್ಲ. ಈಗ ಗೋಡೆ ಗಡಿಯಾರದಲ್ಲಿ ಓಡುತ್ತಿದೆ.